ಕೆಸೆಲ್‌ಬರ್ಗ್ ಇಳಿಜಾರಿನಲ್ಲಿ ಸೆಕೆಂಡ್ ಗೇರ್

ನೀವು ಬಲಗಡೆ ಸೀಟಿನಲ್ಲಿ ಕೂತಿದ್ದೀರಿ. ಊರಲ್ಲಾದರೆ ಅದು ಡ್ರೈವರ್ ಕೂರುವ ಕಡೆ. ಅದಕ್ಕೇ ಬೆಳಗಿನಿಂದ ನಿಮ್ಮ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ತುಳಿಯುತ್ತಲೇ ಇದೆ. ಸ್ಟಿಯರಿಂಗ್ ಅಕ್ಕನ ಮಗನ ಕೈಯಲ್ಲಿ. ಮ್ಯೂನಿಕ್‌ನಲ್ಲಿ ಕೆಲಸಕ್ಕೆ ಸೇರಿ ಕೆಲವು ವರ್ಷವಾಗಿದೆ. ಸೋದರಮಾವ ತೀರ್ಥಹಳ್ಳಿಯಿಂದ ಬಂದಿದ್ದಾರೆಂದು ರಜೆ ಹಾಕಿ ಆಲ್ಪ್ಸ್ ತೋರಿಸಲು ಕರೆದುಕೊಂಡು ಬಂದಿದ್ದಾನೆ. ಕಾರು ಸೆಕೆಂಡ್ ಹ್ಯಾಂಡ್, ಕೈಯಲ್ಲಿ ಗೇರ್ ಹಾಕುವಂಥದ್ದು, ಎಂಜಿನ್ ಮುಂದೆ, ದೂಡುವುದು ಹಿಂದಿನ ಚಕ್ರ. ಅದನ್ನು ಅವನು ಮೂರು ಸಲ ಹೆಮ್ಮೆಯಿಂದ ಹೇಳಿದ್ದಾನೆ.

ನವೆಂಬರಿನ ಮೊದಲ ವಾರ. ಸಂಜೆ ನಾಲ್ಕೂವರೆಗೇ ಕತ್ತಲು ಕವಿಯುತ್ತಿದೆ. ಬೆಳಿಗ್ಗೆ ಗಾರ್ಮಿಶ್ ಕಡೆಯಿಂದ ಬಿಸಿಲಿನಲ್ಲಿ ಬಂದಿದ್ದಿರಿ. ಮಧ್ಯಾಹ್ನ ಮಿಟ್ಟನ್‌ವಾಲ್ಡ್‌ನಲ್ಲಿ ಊಟ ಮಾಡುವಾಗ ಹನಿಹನಿಯಾಗಿ ಒದ್ದೆ ಹಿಮ ಬಿತ್ತು. ಈಗ ವಾಲ್ಖೆನ್‌ಜೇ ಸರೋವರದ ದಂಡೆಯಲ್ಲಿ ಉತ್ತರಕ್ಕೆ ಹೊರಟಿದ್ದೀರಿ. ಉರ್‌ಫೆಲ್ಡ್ ಎಂಬ ಪುಟ್ಟ ಊರು ಬರುತ್ತದೆ. ಲೋವಿಸ್ ಕೊರಿಂಥ್ ಎಂಬ ಚಿತ್ರಕಾರ ಇದೇ ಸರೋವರವನ್ನು ಮತ್ತೆ ಮತ್ತೆ ಬರೆದದ್ದು ಇಲ್ಲಿದ್ದ ಮನೆಯಿಂದ. ಆ ಮನೆಯನ್ನು ಆಮೇಲೆ ಕೊಂಡವರು ಭೌತವಿಜ್ಞಾನಿ ಹೈಸೆನ್‌ಬರ್ಗ್; 1945ರ ಮೇ ತಿಂಗಳಲ್ಲಿ ಅಮೆರಿಕದವರು ಅವರನ್ನು ಹಿಡಿದದ್ದೂ ಇಲ್ಲೇ. ಅಕ್ಕನ ಮಗ ಕೈ ತೋರಿಸುತ್ತಾನೆ. ನೀವು ತಿರುಗಿ ನೋಡುವುದರೊಳಗೆ ಡ್ಯಾಷ್‌ಬೋರ್ಡ್ ಟಿಂಗ್ ಎನ್ನುತ್ತದೆ. ಹೊರಗೆ 3 ಡಿಗ್ರಿ. ಪಕ್ಕದಲ್ಲೊಂದು ಹಿಮದ ಹರಳಿನ ಚಿತ್ರ.

“ಇದೇನೋ ಇದು?”

“ರಸ್ತೆ ಜಾರಬಹುದು ಅಂತ ಎಚ್ಚರಿಕೆ ಅಷ್ಟೆ, ಮಾವ. ಟಯರ್ ಬದಲಿಸ್ಬೇಕಿತ್ತು. ಈ ತಿಂಗಳು ಎಲ್ಲರೂ ಒಟ್ಟಿಗೇ ಹೋಗ್ತಾರೆ ನೋಡಿ, ವರ್ಕ್‌ಶಾಪ್‌ನಲ್ಲಿ ಮುಂದಿನ ವಾರಕ್ಕೆ ಟೈಮ್ ಕೊಟ್ಟಿದ್ದಾರೆ.”

ಟಯರಿಗೂ ಬೇಸಿಗೆ ಚಳಿಗಾಲ ಉಂಟೇ ಎಂದು ನೀವು ಕೇಳುವುದಿಲ್ಲ. ಮಲೆನಾಡಿನಲ್ಲಿ ಬೆಳೆದವರಿಗೆ ಟಯರಿನ ಬಗ್ಗೆ ಇರುವ ಪ್ರಶ್ನೆ ಒಂದೇ: ಪಟ್ಟಿ ಸವೆದಿದೆಯೋ ಇಲ್ಲವೋ.

ದಾರಿ ಬಲವಾಗಿ ಏರತೊಡಗುತ್ತದೆ. ಎಂಜಿನ್ನಿನ ಸದ್ದು ಏರುತ್ತದೆ, ಕಾರು ಏರುವುದಿಲ್ಲ. ನಿಮ್ಮ ಬೆನ್ನ ಹಿಂದೆ, ಸೀಟಿನ ಕೆಳಗೆಲ್ಲೋ, ಸರ್ರ್ ಎಂಬ ಸಣ್ಣ ಸದ್ದು. ಕಾರಿನ ಹಿಂಭಾಗ ಒಂದು ಗೇಣು ಎಡಕ್ಕೆ ಸರಿದು ಮತ್ತೆ ಬಲಕ್ಕೆ ಬರುತ್ತದೆ. ಮೀಟರಿನ ನಡುವೆ ಹಳದಿ ದೀಪ ಪಟಪಟ ಮಿಟುಕುತ್ತದೆ. ಚಕ್ರ ಸುಮ್ಮನೆ ತಿರುಗುವುದನ್ನು ಕಂಡ ಕಂಪ್ಯೂಟರ್ ಎಂಜಿನ್ನಿನ ಶಕ್ತಿಯನ್ನು ಕತ್ತರಿಸುತ್ತಿದೆ; ಹುಡುಗ ಆಕ್ಸಿಲರೇಟರ್ ಒತ್ತುತ್ತಾನೆ, ಅದು ಮತ್ತೆ ಕತ್ತರಿಸುತ್ತದೆ. ಕಾರು ನಿಂತೇಬಿಡುತ್ತದೆ.

“ಫಸ್ಟ್ ಬೇಡ, ಸೆಕೆಂಡಲ್ಲೇ ಎಬ್ಬಿಸ್ತೀನಿ,” ಎನ್ನುತ್ತಾನೆ. ಅದು ಸರಿಯಾದ ಉಪಾಯವೇ. ಮೇಲಿನ ಗೇರಿನಲ್ಲಿ ಚಕ್ರಕ್ಕೆ ಹೋಗುವ ತಿರುಚು ಕಡಿಮೆ, ರಸ್ತೆ ಅಷ್ಟನ್ನಾದರೂ ತಾಳಿಕೊಳ್ಳಬಹುದು.

“ಹಿಂದೆ ನಾಲ್ಕು ಅಡಿಕೆ ಮೂಟೆ ಹಾಕ್ಕೊಂಡಿದ್ರೆ ಹತ್ತೇ ಹತ್ತುತಿತ್ತು ಕಣೋ,” ಎನ್ನುತ್ತೀರಿ. ನಿಮ್ಮ ಹಳೆಯ ಜೀಪು ಜುಲೈ ತಿಂಗಳ ಕೆಂಪು ಕೆಸರಿನಲ್ಲಿ ಹತ್ತುತ್ತಿದ್ದದ್ದು ಹಾಗೇ. ಈ ದೇಶದಲ್ಲೂ ಹಿಂಚಕ್ರದ ಕಾರಿನವರು ಡಿಕ್ಕಿಯಲ್ಲಿ ಮರಳಿನ ಚೀಲ ಇಡುತ್ತಿದ್ದ ಕಾಲವೊಂದಿತ್ತು. ಇವನ ಡಿಕ್ಕಿಯಲ್ಲಿರುವುದು ಒಂದು ಕೊಡೆ, ಅಕ್ಕ ಕಳಿಸಿದ ಚಕ್ಕುಲಿ ಡಬ್ಬಿ.

ಕಾರು ಇಂಚಿಂಚಾಗಿ ಏರುತ್ತದೆ. 858 ಮೀಟರ್ ಎತ್ತರದ ಕೆಸೆಲ್‌ಬರ್ಗ್ ನೆತ್ತಿ ಬಂದಾಗ ಇಬ್ಬರೂ ಒಟ್ಟಿಗೆ ಉಸಿರು ಬಿಡುತ್ತೀರಿ. ಹತ್ತಿದ್ದಾಯಿತು, ಇನ್ನೇನಿದ್ದರೂ ಇಳಿಯುವುದು.

ಇಳಿಯುವುದೇ ಕಷ್ಟ. ಅದನ್ನು ಹೇಳುವವರು ಕಾರಿನಲ್ಲಿ ಯಾರೂ ಇಲ್ಲ.

ಕೊಖೆಲ್ ಸರೋವರ ಸುಮಾರು 250 ಮೀಟರ್ ಕೆಳಗಿದೆ. ಮೇಲಿನ ಸರೋವರಕ್ಕೂ ಕೆಳಗಿನದಕ್ಕೂ ಇರುವ 200 ಮೀಟರ್ ಅಂತರವನ್ನೇ ನಂಬಿಕೊಂಡು 1924ರಿಂದ ಇಲ್ಲೊಂದು ಜಲವಿದ್ಯುತ್ ಕೇಂದ್ರ ನಡೆಯುತ್ತಿದೆ. 1786ರ ಸೆಪ್ಟೆಂಬರಿನಲ್ಲಿ ಇಟಲಿಗೆ ಹೊರಟ ಜರ್ಮನ್ ಕವಿ ಗಯಟೆ ಈ ಬೆಟ್ಟವನ್ನು ಕುದುರೆಗಾಡಿಯಲ್ಲಿ ದಾಟಿದ. 1905ರಿಂದ 1935ರ ನಡುವೆ ಇದೇ ತಿರುವುಗಳಲ್ಲಿ ಕಾರ್ ರೇಸ್ ನಡೆಯುತ್ತಿತ್ತು. ಆಗಿನ ರೇಸ್ ಕಾರುಗಳೂ ಬಹುತೇಕ ಹಿಂಚಕ್ರದವೇ. ಆದರೆ ಅವು ಓಡಿದ್ದು ಮೇಲ್ಮುಖವಾಗಿ. ಈ ಉತ್ತರದ ಮೈಯಲ್ಲಿ ಬೆಟ್ಟದ್ದೂ ಸ್ಪ್ರೂಸ್ ಕಾಡಿನದ್ದೂ ನೆರಳು ಸೇರಿಕೊಂಡಿದೆ, ನವೆಂಬರಿನ ಬಿಸಿಲು ತಾಗುವುದೇ ಅಪರೂಪ. ಮಧ್ಯಾಹ್ನದ ಒದ್ದೆ ಹಿಮ ಕರಗಿ ನೀರಾಗಿ, ಈಗ ಮತ್ತೆ ಹೆಪ್ಪುಗಟ್ಟುತ್ತಿದೆ. ಹೆಡ್‌ಲೈಟಿನಲ್ಲಿ ರಸ್ತೆ ಬರೀ ಒದ್ದೆಯಾದಂತೆ ಕಾಣುತ್ತದೆ. ಟಯರಿನ ಸದ್ದು ಮಾತ್ರ ನಿಂತಿದೆ. ಒದ್ದೆ ರಸ್ತೆಯಾದರೆ ಚಕ್ರದಡಿ ನೀರು ಚಿಮ್ಮುವ ಸುಯ್ಯೆನ್ನುವ ಸದ್ದು ಇರಬೇಕು. ಇದು ಮೌನ. ಅಲ್ಲೇ ಎಚ್ಚರಾಗಬೇಕಿತ್ತು.

ಟಯರಿನ ರಬ್ಬರು ರಸ್ತೆಯನ್ನು ಹಿಡಿಯುವುದು ಮೆತ್ತಗಿರುವುದರಿಂದ. ಡಾಂಬರಿನ ಕಣ್ಣಿಗೆ ಕಾಣದ ಉಬ್ಬುತಗ್ಗುಗಳೊಳಕ್ಕೆ ಅದು ಒತ್ತಿಕೊಂಡು ಕೂರುತ್ತದೆ. ಬೇಸಿಗೆಯ ಟಯರಿನ ಮಿಶ್ರಣ ಬಿಸಿ ರಸ್ತೆಗೆಂದೇ ಮಾಡಿದ್ದು. ಸುಮಾರು 7 ಡಿಗ್ರಿಯಿಂದ ಕೆಳಗೆ ಅದು ಬಿಗಿಯುತ್ತಾ ಹೋಗುತ್ತದೆ, ಹಿಡಿತ ಕುಗ್ಗುತ್ತದೆ. ಚಳಿಗಾಲದ ಟಯರಿನ ರಬ್ಬರು ಆ ಚಳಿಯಲ್ಲೂ ಮೆತ್ತಗಿರುತ್ತದೆ, ಅದರ ಪಟ್ಟಿಗಳಲ್ಲಿ ಬ್ಲೇಡಿನಿಂದ ಕೊರೆದಷ್ಟು ಸಣ್ಣ ಸೀಳುಗಳು ತುಂಬಿರುತ್ತವೆ. ಆ ಸೀಳುಗಳು ಹಿಮವನ್ನು ಕಚ್ಚಿ ಹಿಡಿದುಕೊಳ್ಳುತ್ತವೆ, ಹಿಮಕ್ಕೆ ಹಿಮ ಚೆನ್ನಾಗಿ ಅಂಟುತ್ತದೆ. ಈ ಟಯರನ್ನು ಯಾವಾಗ ಹಾಕಬೇಕೆಂಬುದನ್ನು ಜರ್ಮನಿಯ ಕಾನೂನು ತಾರೀಕಿನ ಮೇಲೆ ಬಿಟ್ಟಿಲ್ಲ. ಅಕ್ಟೋಬರಿನಿಂದ ಈಸ್ಟರ್‌ವರೆಗೆ ಎನ್ನುವುದು ಜನರ ಬಾಯಿಲೆಕ್ಕ. 2010ರ ಡಿಸೆಂಬರಿನಲ್ಲಿ ಸ್ಪಷ್ಟಪಡಿಸಿದ ನಿಯಮ ನೋಡುವುದು ರಸ್ತೆಯನ್ನು. ಹಿಮವೋ, ಹಿಮದ ಕೆಸರೋ, ಮಂಜುಗಡ್ಡೆಯೋ ಇದ್ದರೆ ತಕ್ಕ ಟಯರ್ ಇರಲೇಬೇಕು. 2024ರ ಅಕ್ಟೋಬರಿನಿಂದ ಅದರ ಪಕ್ಕೆಯಲ್ಲಿ ಮೂರು ಶಿಖರದ ಬೆಟ್ಟ ಮತ್ತು ಹಿಮಹರಳಿನ ಗುರುತೂ ಕಡ್ಡಾಯ. ಇಲ್ಲದಿದ್ದರೆ 60 ಯೂರೋ ದಂಡ, ಲೈಸೆನ್ಸಿನ ಖಾತೆಗೆ ಒಂದು ಪಾಯಿಂಟ್. ಅಂದರೆ ಬೆಳಿಗ್ಗೆ ಒಣ ರಸ್ತೆಯಲ್ಲಿ ಕಾನೂನಿನೊಳಗೇ ಇದ್ದ ಈ ಕಾರು ಉರ್‌ಫೆಲ್ಡ್ ದಾಟುವ ಹೊತ್ತಿಗೆ ಹೊರಗಾಗಿದೆ.

ಥರ್ಡ್ ಗೇರ್, ಗಂಟೆಗೆ 30 ಕಿಲೋಮೀಟರ್. ಮುಂದೆ ಎಡಕ್ಕೆ ಬಿಗಿಯಾದ ತಿರುವು. ನಿಮ್ಮ ಬಲಕ್ಕೆ ಕಬ್ಬಿಣದ ತಡೆಗೋಡೆ, ಅದರಾಚೆ ಮರಗಳ ತುದಿಗಳಷ್ಟೇ ಕಾಣುತ್ತವೆ. ಆಗುಂಬೆ ಘಾಟಿಯಲ್ಲಿ ಸಾವಿರ ಸಲ ಇಳಿದ ಬುದ್ಧಿ ತಾನಾಗಿ ಬಾಯಿಗೆ ಬರುತ್ತದೆ.

“ಸೆಕೆಂಡಿಗೆ ಹಾಕೋ. ಎಂಜಿನ್ ಹಿಡೀಲಿ.”

ಹುಡುಗ ಮಾವನ ಮಾತು ಕೇಳುತ್ತಾನೆ. ಕ್ಲಚ್ ಒತ್ತುತ್ತಾನೆ, ಸೆಕೆಂಡಿಗೆ ಹಾಕುತ್ತಾನೆ, ಕ್ಲಚ್ ಬಿಡುತ್ತಾನೆ.

ಹಿಂಭಾಗ ಹೊರಟುಹೋಗುತ್ತದೆ.

ಧಡಾರ್ ಎಂಬುದೇನಿಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಸಂಕದ ಮೇಲೆ ಅಂಗಾಲು ಸರಿದ ಹಾಗೆ, ಮೈಗೆ ಗೊತ್ತಾದ ಮೇಲೆ ಮನಸ್ಸಿಗೆ ಗೊತ್ತಾಗುತ್ತದೆ. ಮೊದಲು ಸೊಂಟಕ್ಕೆ ತಿಳಿಯುತ್ತದೆ, ಸೀಟು ನಿಮ್ಮ ಕೆಳಗೆ ಬಲಕ್ಕೆ ಜಾರುತ್ತಿದೆ. ಮುಂದಿನ ಗಾಜಿನಲ್ಲಿ ಇದ್ದ ರಸ್ತೆ ಈಗ ಇಲ್ಲ, ಅಲ್ಲಿ ಬಂಡೆಯ ಗೋಡೆ ಬಂದಿದೆ. ರಸ್ತೆ ಮುಂದುವರಿಯುತ್ತಿರುವುದು ನಿಮ್ಮ ಪಕ್ಕದ ಕಿಟಕಿಯಲ್ಲಿ. ಕಾರು ಅಡ್ಡವಾಗಿ, ನಿಮ್ಮ ಬಾಗಿಲನ್ನು ಮುಂದೆ ಮಾಡಿಕೊಂಡು, ತಡೆಗೋಡೆಯ ಕಡೆಗೆ ಹೋಗುತ್ತಿದೆ.

ಕಡಿಮೆ ಗೇರಿನಲ್ಲಿ ಎಂಜಿನ್ ಹಿಡಿಯುತ್ತದೆ, ನಿಜ. ಆದರೆ ಈ ಕಾರಿನಲ್ಲಿ ಎಂಜಿನ್ ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ಕ್ಲಚ್ ಥಟ್ಟನೆ ಬಿಟ್ಟಾಗ ಆ ಎರಡಕ್ಕೇ ಹ್ಯಾಂಡ್‌ಬ್ರೇಕ್ ಎಳೆದಷ್ಟಾಯಿತು. ಟಯರಿನಲ್ಲಿರುವ ಹಿಡಿತ ಒಂದೇ ಗಂಟು: ಮುಂದಕ್ಕೆ ದೂಡಲು, ತಡೆಯಲು, ಪಕ್ಕಕ್ಕೆ ಜಾರದಂತೆ ಊರಿಕೊಳ್ಳಲು, ಎಲ್ಲಕ್ಕೂ ಅದರಿಂದಲೇ ಕೊಡಬೇಕು. ಎಂಜಿನ್ ಇದ್ದದ್ದನ್ನೆಲ್ಲ ಬಾಚಿಕೊಂಡಿತು. ತಿರುವಿನಲ್ಲಿ ಹಿಂಭಾಗವನ್ನು ಹಿಡಿದಿಡಲು ಏನೂ ಉಳಿಯಲಿಲ್ಲ. ಮುಂಚಕ್ರ ಎಳೆಯುವ ಕಾರಾಗಿದ್ದರೆ ಮುಂದಿನ ಚಕ್ರಗಳು ಸೋತು ಕಾರು ತಿರುಗದೆ ನೇರ ಹೋಗುತ್ತಿತ್ತು. ಅದೇನು ಸುಖವಲ್ಲ, ಆದರೆ ಎದುರಿಗೇ ನೋಡಿಕೊಂಡು ಜಾರಬಹುದು. ಒಣ ಡಾಂಬರಿನ ಆಗುಂಬೆಯಲ್ಲಿ ಹಿಡಿತ ಧಾರಾಳ, ಹಾಗಾಗಿ ನಿಮ್ಮ ಸೂತ್ರ ಅಲ್ಲಿ ಎಂದೂ ಸುಳ್ಳಾಗಿರಲಿಲ್ಲ. ಸೆಕೆಂಡ್ ಗೇರ್ ಇಲ್ಲೂ ತಪ್ಪಲ್ಲ, ಬೆಟ್ಟದ ನೆತ್ತಿಯಲ್ಲೇ, ನೇರ ದಾರಿಯಲ್ಲೇ ಹಾಕಿಕೊಂಡಿದ್ದರೆ.

ಹಳದಿ ದೀಪ ಮತ್ತೆ ಮಿಟುಕುತ್ತದೆ. ಕಾಲಡಿಯಲ್ಲಿ ಗರ್ ಗರ್ ಎಂದು ಏನೋ ನಡುಗುತ್ತದೆ. ಕಾರು ನೇರವಾಗಲೆಂದು ಇಎಸ್‌ಪಿ ಎಂಬ ಕಂಪ್ಯೂಟರ್ ವ್ಯವಸ್ಥೆ ಹೊರಬದಿಯ ಮುಂಚಕ್ರವನ್ನು ಮಾತ್ರ ಬ್ರೇಕ್ ಹಿಡಿಯುತ್ತಿದೆ. 1995ರಲ್ಲಿ ದುಬಾರಿ ಕಾರುಗಳಿಗೆ ಬಂದ ಈ ವ್ಯವಸ್ಥೆ 2014ರ ನವೆಂಬರಿನಿಂದ ಯುರೋಪಿನ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ಎಷ್ಟೋ ಜೀವ ಉಳಿಸಿದೆ. ಆದರೆ ಇದ್ದ ಹಿಡಿತವನ್ನು ನಾಲ್ಕು ಚಕ್ರಗಳಿಗೆ ಜಾಣತನದಿಂದ ಹಂಚುವುದಷ್ಟೇ ಅದರ ಕೆಲಸ. ಇಲ್ಲದ್ದನ್ನು ಎಲ್ಲಿಂದ ತರಬೇಕು?

ಹುಡುಗನ ಪಾದ ಬ್ರೇಕಿನತ್ತ ಹೋಗುತ್ತದೆ. ಹೋಗಿ, ತುಳಿಯದೆ ನಿಲ್ಲುತ್ತದೆ. ಎಡಗಾಲು ಕ್ಲಚ್ಚನ್ನು ಪೂರ್ತಿ ಒತ್ತುತ್ತದೆ. ಇದೊಂದೇ ಕೆಲಸ ಆ ಹೊತ್ತಿನಲ್ಲಿ ಕಾರನ್ನು ಉಳಿಸಿತು ಎಂದು ನನ್ನ ಲೆಕ್ಕ: ಎಂಜಿನ್ನಿನಿಂದ ಬಿಡುಗಡೆಯಾದ ಹಿಂಚಕ್ರಗಳು ಮತ್ತೆ ಉರುಳತೊಡಗಿದವು, ಉರುಳುವ ಚಕ್ರಕ್ಕಷ್ಟೇ ಪಕ್ಕದ ಹಿಡಿತ ಮರಳಿ ಬರುವುದು. ಸ್ಟಿಯರಿಂಗನ್ನು ಅವನು ಬಲಕ್ಕೆ, ಹಿಂಭಾಗ ಓಡಿದ ಕಡೆಗೇ, ತಿರುಗಿಸಿದ್ದಾನೆ. ಕಣ್ಣು ತಡೆಗೋಡೆಯ ಮೇಲಿಲ್ಲ, ಕೆಳಗಿನ ರಸ್ತೆಯ ಮೇಲಿದೆ. ಹಿಂಭಾಗ ನಿಧಾನವಾಗಿ ಹಿಂದಿರುಗುತ್ತದೆ. ಬಂದದ್ದು ನಡುವೆ ನಿಲ್ಲದೆ ಎಡಕ್ಕೂ ಬೀಸುತ್ತದೆ. ಕಾರು ಎದುರು ಪಥಕ್ಕೆ ಹೋಗುವುದು ಸಾಮಾನ್ಯವಾಗಿ ಈ ಎರಡನೇ ಬೀಸಿನಲ್ಲೇ, ಮೊದಲನೆಯದನ್ನು ಗೆದ್ದೆನೆಂದು ಕೈ ಸಡಿಲಿಸಿದಾಗ. ಅವನು ಸ್ಟಿಯರಿಂಗನ್ನು ಅಷ್ಟೇ ಬೇಗ ನೇರಕ್ಕೆ ತರುತ್ತಾನೆ. ಮೂರನೆಯದು ಸಣ್ಣದು. ಎದುರಿನಿಂದ ಯಾರೂ ಬರುತ್ತಿಲ್ಲ. ಅದು ಬರೀ ಅದೃಷ್ಟ, ಚಾಲನೆಯ ಕೌಶಲವಲ್ಲ.

ಎಲ್ಲ ಸೇರಿ ಮೂರೋ ನಾಲ್ಕೋ ಸೆಕೆಂಡು. “ಸಾವ್ಕಾಶ, ಸಾವ್ಕಾಶ” ಎಂದು ಯಾರೋ ಹೇಳುತ್ತಿದ್ದಾರೆ. ನೀವೇ.

ಇನ್ನು ನಿಲ್ಲಿಸಬೇಕು. ಅದೂ ಸುಲಭವಿಲ್ಲ. 30 ಕಿಲೋಮೀಟರ್ ವೇಗದ ಕಾರು ಒಣ ರಸ್ತೆಯಲ್ಲಿ ಬ್ರೇಕ್ ತುಳಿದ ಮೇಲೆ 5 ಮೀಟರಿನೊಳಗೆ ನಿಲ್ಲುತ್ತದೆ. ಘರ್ಷಣೆ 0.1ಕ್ಕೆ ಇಳಿದ ಮಂಜುಗಡ್ಡೆಯಲ್ಲಿ, ಸಮತಟ್ಟಾದರೆ, ಸುಮಾರು 35 ಮೀಟರ್ ಬೇಕು. ಅದೇ ಮಂಜು ನೂರಕ್ಕೆ ಆರು ಮೀಟರ್ ಇಳಿಯುವ ರಸ್ತೆಯ ಮೇಲಿದ್ದರೆ ಇಳಿಜಾರೇ ಹಿಡಿತದ ಹೆಚ್ಚಿನ ಪಾಲನ್ನು ನುಂಗಿ, ದೂರ 90 ಮೀಟರಿನ ಹತ್ತಿರ ಹೋಗುತ್ತದೆ. ತಿರುವುಗಳ ನಡುವೆ ಅಷ್ಟು ನೇರ ದಾರಿ ಎಲ್ಲಿ? ಹುಡುಗ ಬಲ ಚಕ್ರಗಳನ್ನು ರಸ್ತೆಯಂಚಿನ ಜಲ್ಲಿಯ ಮೇಲೆ ಹತ್ತಿಸುತ್ತಾನೆ. ಗೊರಗೊರ ಸದ್ದು, ಮೊದಲ ಸಲ ಕಾರು ನೆಲವನ್ನು ಕಚ್ಚುತ್ತದೆ. ವಾಹನ ನಿಲ್ಲಿಸಲು ಬಿಟ್ಟ ಜಾಗವೊಂದಕ್ಕೆ ಹಾಗೇ ತೆವಳಿ ಬಂದು ನಿಲ್ಲುತ್ತೀರಿ.

“ಅಮ್ಮಂಗೆ ಹೇಳ್ಬೇಡಿ, ಮಾವ.”

“ನಾನೇ ಅಲ್ವೇನೋ ಗೇರ್ ಹಾಕ್ಸಿದ್ದು.”

ಅರ್ಧ ಗಂಟೆಯ ಮೇಲೆ ಕಿತ್ತಳೆ ದೀಪ ತಿರುಗಿಸುತ್ತಾ ಉಪ್ಪು ಚೆಲ್ಲುವ ಲಾರಿ ಇಳಿದು ಬರುತ್ತದೆ. ಅದರ ಉಪ್ಪಿನ ಹರಳುಗಳು ನಿಮ್ಮ ಬಾಗಿಲಿಗೆ ಚಟಪಟ ಹೊಡೆಯುತ್ತವೆ. ಉಪ್ಪು ಕೆಲಸ ಮಾಡಲು ಸ್ವಲ್ಪ ಹೊತ್ತು ಬೇಕು. ಕಾಯುತ್ತೀರಿ, ಡಬ್ಬಿ ತೆಗೆದು ಚಕ್ಕುಲಿ ತಿನ್ನುತ್ತೀರಿ. ಆಮೇಲೆ ನಡೆಯುವವರ ವೇಗದಲ್ಲಿ, ನೆತ್ತಿಯಲ್ಲಿ ಹಾಕಬೇಕಿದ್ದ ಸೆಕೆಂಡ್ ಗೇರಿನಲ್ಲೇ ಕೊಖೆಲ್‌ವರೆಗೆ. ಕೆಳಗೆ ರಸ್ತೆ ಒಣಗಿದೆ. ಹುಡುಗ ಮ್ಯೂನಿಕ್ ಕಡೆ ತಿರುಗಿಸಲು ಇಂಡಿಕೇಟರ್ ಹಾಕುತ್ತಾನೆ.

“ಇಲ್ಲಿಂದ ರೈಲು ಇಲ್ವಾ?” ಎನ್ನುತ್ತೀರಿ.

“ಇದೆ. ಟುಟ್ಸಿಂಗ್‌ನಲ್ಲಿ ಇಳಿದು ಬದಲಿಸ್ಬೇಕು.”

“ಬದಲಿಸೋಣ.”

ಅವನು ಇಂಡಿಕೇಟರ್ ತೆಗೆದು ಸ್ಟೇಷನ್ನಿನ ಕಡೆ ಹೊರಡುತ್ತಾನೆ, ದಾರಿಯಲ್ಲೇ ವರ್ಕ್‌ಶಾಪಿನವರ ನಂಬರ್ ಹುಡುಕಲು ನಿಮ್ಮ ಕೈಗೆ ಫೋನ್ ಕೊಡುತ್ತಾ.