ಆಫ್ ಅಂದರೆ ಆಫಲ್ಲ

ಮನೆಯಲ್ಲಿ ಎಲ್ಲರೂ ವೈಫೈ ಮಂದಿ. ನಾನೊಬ್ಬ ಮಾತ್ರ ವೈರಿನವನು. ರೂಟರಿನಿಂದ ಹೊರಟು, ಪುಸ್ತಕದ ಬೀರುವಿನ ಹಿಂದೆ ನುಸುಳಿ ನನ್ನ ಮೇಜಿಗೆ ಬರುವ ನೀಲಿ ಕೇಬಲ್ಲು ಗುಡಿಸುವವರಿಗೆಲ್ಲ ಕಿರಿಕಿರಿ. ಆದರೂ ಬಿಟ್ಟಿಲ್ಲ. ಗಾಳಿಯಲ್ಲಿ ಬರುವ ನೆಟ್ಟು ಕೆಟ್ಟರೆ ಯಾರನ್ನು ಕೇಳುವುದು? ವೈರಾದರೆ ಕೈಯಲ್ಲಿ ಹಿಡಿದುಕೊಂಡೇ ಹೋಗಿ ನೋಡಬಹುದು.

ಈ ಅಭ್ಯಾಸ ಕಾಲೇಜಿನ ಲ್ಯಾಬಿನಿಂದ ಬಂದದ್ದು. ಅಲ್ಲಿ ಕಂಪ್ಯೂಟರುಗಳನ್ನೆಲ್ಲ ಒಂದೇ ಕಪ್ಪು ಕೋಆಕ್ಸಿಯಲ್ ಕೇಬಲ್ಲಿಗೆ ಪೋಣಿಸಿದ್ದರು. ಪ್ರತಿ ಮಷಿನ್ನಿನ ಬೆನ್ನಿಗೊಂದು ಟಿ ಆಕಾರದ ಕನೆಕ್ಟರು, ಸಾಲಿನ ಎರಡು ತುದಿಗೂ 50 ಓಮ್‌ನ ಒಂದೊಂದು ಟರ್ಮಿನೇಟರು. ಹೆಬ್ಬೆರಳ ತುದಿಯಷ್ಟಿದ್ದ ಆ ಲೋಹದ ಟೊಪ್ಪಿಗೆಯನ್ನು ಯಾರಾದರೂ ಕಿತ್ತರೆ ಸಂಕೇತ ತುದಿಗೆ ಬಡಿದು ಹಿಂದಿರುಗಿ, ಇಡೀ ಲ್ಯಾಬಿನ ನೆಟ್‌ವರ್ಕ್ ಬಿದ್ದುಹೋಗುತ್ತಿತ್ತು. ಇಂಟರ್ನಲ್ಸ್ ದಿನವೇ ಅದು ಹೇಗೆ ಸಡಿಲವಾಗುತ್ತಿತ್ತೆಂಬುದು ನಮ್ಮ ಬ್ಯಾಚಿನವರಿಗೆಲ್ಲ ಗೊತ್ತು. ಪಾಪ, ಅಟೆಂಡರು ಬಗ್ಗಿಕೊಂಡು ಮೇಜಿನಿಂದ ಮೇಜಿಗೆ ಹೋಗುತ್ತ ಒಂದೊಂದೇ ಕನೆಕ್ಟರನ್ನು ತಿರುಗಿಸಿ ನೋಡುತ್ತಿದ್ದರು.

ಒಂದೇ ತಂತಿಯನ್ನು ಎಲ್ಲರೂ ಹಂಚಿಕೊಳ್ಳುವ ಆ ಏರ್ಪಾಟು ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ. ಅಲ್ಲಿನ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿದ್ದ ಬಾಬ್ ಮೆಟ್ಕಾಫ್ 1973ರ ಮೇ 22ರಂದು ಎತರ್ನೆಟ್ ಕುರಿತ ಟಿಪ್ಪಣಿ ಬರೆದರು. ಡೇವಿಡ್ ಬಾಗ್ಸ್ ಜೊತೆ ಸೇರಿ ಕಟ್ಟಿಯೂ ತೋರಿಸಿದರು. ಅದಕ್ಕೆ ಮುಂಚೆ ಹವಾಯಿಯ ಅಲೋಹಾನೆಟ್ ರೇಡಿಯೋದಲ್ಲಿ ಯಾರು ಬೇಕಾದರೂ ಯಾವಾಗ ಬೇಕಾದರೂ ಮಾತಾಡಬಹುದಿತ್ತು. ಡಿಕ್ಕಿಯಾದರೆ ಮತ್ತೆ ಹೇಳಬೇಕು. ಮೆಟ್ಕಾಫ್ ಇದಕ್ಕೆ ಕಿವಿ ಇಟ್ಟರು. ಮೊದಲು ತಂತಿಯನ್ನು ಆಲಿಸು, ಖಾಲಿಯಿದ್ದರೆ ಮಾತಾಡು. ಆಗಲೂ ಇಬ್ಬರ ಮಾತು ಡಿಕ್ಕಿಯಾದರೆ ಇಬ್ಬರೂ ಸುಮ್ಮನಾಗಿ, ಬೇರೆ ಬೇರೆ ಹೊತ್ತು ಕಾದು ಮತ್ತೆ ಶುರುಮಾಡಿ. ನಮ್ಮ ಟಿವಿ ಚರ್ಚೆಗಳಿಗೆ ಈ ನಿಯಮ ಇನ್ನೂ ತಲುಪಿಲ್ಲ.

ಈಗಿನ ನೆಟ್‌ವರ್ಕ್ ಕಾರ್ಡು ಮಲಗಿದ್ದಾಗಲೂ ಆಲಿಸುತ್ತದೆ. ನನಗೆ ತೊಂದರೆ ಬಂದದ್ದು ಅಲ್ಲಿಂದಲೇ.

ನನ್ನ ಕಂಪ್ಯೂಟರಿನಲ್ಲಿ ಎರಡು ಓಎಸ್. ಓದು ಬರಹವೆಲ್ಲ ಲಿನಕ್ಸಿನಲ್ಲಿ. ಪ್ರೆಸ್ಸಿನವರು ಇವತ್ತಿಗೂ ಪೇಜ್‌ಮೇಕರ್ ಫೈಲನ್ನೇ ಕೇಳುವುದರಿಂದ ಇನ್ನೊಂದು. ಒಂದೇ ಕೋಣೆಯನ್ನು ಹಗಲು ಪಾಳಿಯವನೊಬ್ಬ, ರಾತ್ರಿ ಪಾಳಿಯವನೊಬ್ಬ ಬಾಡಿಗೆಗೆ ಹಿಡಿದ ಹಾಗೆ. ಒಬ್ಬರ ಮುಖ ಒಬ್ಬರು ನೋಡಿಲ್ಲ. ಒಂದು ಸಂಜೆ ಆ ಇನ್ನೊಂದರಲ್ಲಿ ಪುಟ ಕಟ್ಟಿ, ಶಟ್‌ಡೌನ್ ಮಾಡಿ, ಲಿನಕ್ಸಿಗೆ ಬಂದರೆ ನೆಟ್ಟೇ ಇಲ್ಲ. ಕೇಬಲ್ ಹುಡುಗನಿಗೆ ಫೋನ್ ಮಾಡಿದೆ.

"ನಮ್ ಕಡೆಯಿಂದ ಎಲ್ಲಾ ಓಕೆ ಇದೆ ಸರ್. ವೈಫೈ ಬರ್ತಿದೆ ತಾನೆ? ಹಂಗಾದ್ರೆ ನಿಮ್ ಸಿಸ್ಟಮ್ಮೇ."

ವೈಫೈ ಬರುತ್ತಿತ್ತು. ಪಕ್ಕದ ಕೋಣೆಯಲ್ಲಿ ಮಗಳು ಆರಾಮಾಗಿ ಸಿನಿಮಾ ನೋಡುತ್ತಿದ್ದಳು.

ಟರ್ಮಿನಲ್ ತೆರೆದು 'ಐಪಿ ಲಿಂಕ್' ಕೊಟ್ಟೆ. ಕಾರ್ಡು ಪಟ್ಟಿಯಲ್ಲಿತ್ತು, ಡ್ರೈವರೂ ಇತ್ತು. ಆದರೆ ಪಕ್ಕದಲ್ಲಿ 'ನೋ ಕ್ಯಾರಿಯರ್'. ತಂತಿಯ ಆ ಕಡೆ ಯಾರೂ ಇಲ್ಲವೆಂದು ಕಾರ್ಡಿನ ವರದಿ. ಅದೇ ಕೇಬಲ್ಲನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ನೆಟ್ ಸಲೀಸು. ರೀಸ್ಟಾರ್ಟ್ ಮಾಡಿದರೂ ಅದೇ ಕತೆ. ಮಷಿನ್ನಿನ ಹಿಂದೆ ಬಗ್ಗಿ ನೋಡಿದಾಗ ಒಂದು ವಿಚಿತ್ರ ಕಂಡಿತು: ಕಂಪ್ಯೂಟರ್ ಆಫ್ ಆಗಿರುವಾಗ ಪೋರ್ಟಿನ ದೀಪ ಉರಿಯುತ್ತದೆ, ಲಿನಕ್ಸ್ ಏಳುತ್ತಿದ್ದಂತೆ ಆರಿಹೋಗುತ್ತದೆ!

ನಮ್ಮ ಮೊದಲ ಕಂಪ್ಯೂಟರಿನಲ್ಲಿ ಇಂಥ ದೆವ್ವದಾಟ ಇರಲಿಲ್ಲ. ಶಟ್‌ಡೌನ್ ಕೊಟ್ಟರೆ, ಇನ್ನು ಆರಿಸಬಹುದು ಎಂದು ಕಿತ್ತಳೆ ಅಕ್ಷರದಲ್ಲಿ ಅಪ್ಪಣೆ ಮೂಡುತ್ತಿತ್ತು. ಗುಂಡಿ ಟಕ್ಕೆಂದು ಒತ್ತಿದರೆ ಕರೆಂಟೇ ಕಡಿದುಹೋಗುತ್ತಿತ್ತು. 1995ರಲ್ಲಿ ಬಂದ ಎಟಿಎಕ್ಸ್ ವಿನ್ಯಾಸದಲ್ಲಿ ಗುಂಡಿ ಮದರ್‌ಬೋರ್ಡಿಗೆ ಸೂಚನೆ ಕೊಡುತ್ತದೆ, ಅಷ್ಟೆ. ಪವರ್ ಸಪ್ಲೈ ಒಂದು ನೇರಳೆ ತಂತಿಯಲ್ಲಿ 5 ವೋಲ್ಟನ್ನು ಸದಾ ಹರಿಸುತ್ತಲೇ ಇರುತ್ತದೆ. ಅದೇ ವರ್ಷ ಎಎಂಡಿ ಕಂಪನಿ 'ಮ್ಯಾಜಿಕ್ ಪ್ಯಾಕೆಟ್' ಪ್ರಕಟಿಸಿತು: 6 ಬೈಟುಗಳ ತುಂಬ ಬರೀ ಒಂದುಗಳು, ಹಿಂದೆಯೇ ಕಾರ್ಡಿನ ಸ್ವಂತ ವಿಳಾಸ 16 ಸಲ. ಆ 5 ವೋಲ್ಟಿನಲ್ಲಿ ಜೀವ ಹಿಡಿದಿರುವ ಕಾರ್ಡು ಇದನ್ನು ಕೇಳಿದ್ದೇ ಮಷಿನ್ನನ್ನು ಎಬ್ಬಿಸಬೇಕು. ನೂರಾರು ಕಂಪ್ಯೂಟರಿರುವ ಆಫೀಸಿಗೆ ಸರಿ. ನನ್ನನ್ನು ದೂರದಿಂದ ಎಬ್ಬಿಸುವವರು ಯಾರು?

ಆ ಇನ್ನೊಂದು ಓಎಸ್ ಶಟ್‌ಡೌನ್ ಎಂದರೂ ಪೂರ್ತಿ ಮುಚ್ಚುತ್ತಿರಲಿಲ್ಲ. ಮುಂದಿನ ಸಲ ಬೇಗ ಏಳಲೆಂದು ತನ್ನ ಕರ್ನಲ್ಲನ್ನು ಡಿಸ್ಕಿನಲ್ಲಿ ಬರೆದಿಟ್ಟು, ಕಾರ್ಡನ್ನು ಅರೆನಿದ್ದೆಯಲ್ಲಿ ಬಿಟ್ಟು ಹೋಗುತ್ತಿತ್ತು. ಅದನ್ನು ಎಬ್ಬಿಸುವುದು ಲಿನಕ್ಸಿನ ಡ್ರೈವರಿನ ಕೈಲಾಗಲಿಲ್ಲ. 5 ವೋಲ್ಟು ತಪ್ಪದೆ ಸಿಗುತ್ತಿದ್ದುದರಿಂದ ರೀಸ್ಟಾರ್ಟಿಗೂ ಅದು ಜಗ್ಗಲಿಲ್ಲ. ಗೋಡೆಯ ಪ್ಲಗ್ಗನ್ನೇ ಕಿತ್ತು, ಉಳಿದ ಕರೆಂಟು ಇಳಿಯಲೆಂದು ಪವರ್ ಗುಂಡಿಯನ್ನು ಒತ್ತಿ ಹಿಡಿದು, ಮತ್ತೆ ಹಾಕಿದೆ. ಲಿಂಕ್ ಬಂತು.

ಆದರೆ ಪ್ರತಿ ಸಲ ಪ್ಲಗ್ ಕೀಳುತ್ತ ಕೂರಲಾಗುತ್ತದೆಯೇ? ಆ ಓಎಸ್ಸಿನ ಪವರ್ ಸೆಟ್ಟಿಂಗಿನಲ್ಲಿ ಬೇಗ ಏಳುವ ಆಯ್ಕೆಯನ್ನು ತೆಗೆದೆ; ಕಾರ್ಡಿನ ಸೆಟ್ಟಿಂಗಿನಲ್ಲಿ, ದೂರದಿಂದ ಎಬ್ಬಿಸುವ ವೇಕ್ ಆನ್ ಲ್ಯಾನನ್ನೂ. ಅದು ಈಗ ಏಳುವುದು ಮೊದಲಿಗಿಂತ ತಡ. ಪ್ರೆಸ್ಸಿನಿಂದ ಪ್ರೂಫ್ ಬರುವ ವೇಗ ನೋಡಿದವರಿಗೆ ಅದೇನೂ ತಡವಲ್ಲ.