ಷಟ್ಕೋನದ ಮೂಲೆಯಲ್ಲಿ

ಪಿಎಚ್‌ಡಿಯ ನಾಲ್ಕು ವರ್ಷ ಒಂದು ಷಟ್ಕೋನದ ಮೂಲೆಯಲ್ಲೇ ಕಳೆದಿವೆ. ಊರಲ್ಲಿ ಯಾರಾದರೂ ವಿಚಾರಿಸಿದರೆ ಪೆನ್ಸಿಲ್ ತೋರಿಸುತ್ತೇನೆ. ಅದರೊಳಗಿನ ಗ್ರಾಫೈಟಿನ ಒಂದೇ ಪದರ ಗ್ರಾಫೀನ್. ಇಂಗಾಲದ ಪರಮಾಣುಗಳು ಜೇನುಗೂಡಿನಂತೆ ಹೆಣೆದುಕೊಂಡ ಹಾಳೆ. ನನ್ನ ಷಟ್ಕೋನ ಮಾತ್ರ ಆ ಹಾಳೆಯಲ್ಲಿಲ್ಲ.

ಎಲೆಕ್ಟ್ರಾನ್ ಅಲ್ಲಿ ಅಲೆಯಾಗಿ ಸಾಗುತ್ತದೆ. ಅಲೆಯ ದಿಕ್ಕು, ಅದರ ಉಬ್ಬುಗಳು ಎಷ್ಟು ಒತ್ತಾಗಿವೆ ಎಂಬುದು, ಇವೆರಡನ್ನೂ ಒಂದು ಬಿಂದುವಾಗಿ ಗುರುತಿಸಲು ಬೇರೊಂದು ನಕ್ಷೆಯಿದೆ. ಹಾಳೆಯ ವಿನ್ಯಾಸ ಮರುಕಳಿಸುವುದರಿಂದ ನಕ್ಷೆಯೂ ಮರುಕಳಿಸುತ್ತದೆ. ಒಂದು ತುಂಡು ನೋಡಿದರೆ ಸಾಕು. ಆ ತುಂಡೇ ಬ್ರಿಲುವಾನ್ ವಲಯ: ಜೇನುಗೂಡಿನ ಷಟ್ಕೋನಕ್ಕೆ 30 ಡಿಗ್ರಿ ತಿರುಗಿ ನಿಂತ ಇನ್ನೊಂದು ಷಟ್ಕೋನ.

ಅದಕ್ಕೆ ಮೂಲೆಗಳು ಆರು. ಒಂದು ಬಿಟ್ಟು ಒಂದು ಮೂಲೆ ಬರೀ ಮರುಕಳಿಕೆ, ಹಾಗಾಗಿ ನಿಜಕ್ಕೂ ಬೇರೆಯಾದವು ಎರಡೇ. 1947ರಲ್ಲಿ ಫಿಲಿಪ್ ವ್ಯಾಲೇಸ್ ಲೆಕ್ಕ ಹಾಕಿದಾಗ ಎಲೆಕ್ಟ್ರಾನುಗಳು ತುಂಬಿದ ಶಕ್ತಿಪಟ್ಟಿಯೂ ಖಾಲಿ ಪಟ್ಟಿಯೂ ಸರಿಯಾಗಿ ಈ ಮೂಲೆಗಳಲ್ಲೇ ಮುಟ್ಟಿಕೊಂಡವು. ಮುಟ್ಟಿಸುವುದು ಸಮಮಿತಿ: ಜೇನುಗೂಡಿನ ಅಕ್ಕಪಕ್ಕದ ಎರಡು ಪರಮಾಣುಗಳೂ ಇಂಗಾಲವೇ. ಒಂದರ ಜಾಗದಲ್ಲಿ ಬೋರಾನ್, ಇನ್ನೊಂದರಲ್ಲಿ ನೈಟ್ರೋಜನ್ ಕೂರಿಸಿ. ಅದೇ ಜೇನುಗೂಡು, ಅದೇ ಮೂಲೆಗಳು. ಪಟ್ಟಿಗಳ ನಡುವೆ ಮಾತ್ರ ದೊಡ್ಡ ಅಂತರ, ವಿದ್ಯುತ್ ಹರಿಯುವುದಿಲ್ಲ. ನನ್ನ ವಿಷಯದಲ್ಲಿ ಇದಕ್ಕಿಂತ ಚೆಂದದ್ದು ನನಗೆ ಕಂಡಿಲ್ಲ.

ಫೆಲೋಶಿಪ್ ಬರುವ ವರ್ಷ ಮುಗಿಯುತ್ತದೆ. "ಇದರಿಂದ ಏನಪ್ಪಾ ಉಪಯೋಗ?" ಎನ್ನುವ ಚಿಕ್ಕಪ್ಪನಿಗೆ ಟ್ರಾನ್ಸಿಸ್ಟರ್ ಎಂದು ಹೇಳಿ ಪಾರಾಗುವಂತಿಲ್ಲ, ಅಂತರವಿಲ್ಲದ ಗ್ರಾಫೀನನ್ನು ಸ್ವಿಚ್ಚಿನಂತೆ ಆರಿಸಲು ಬರುವುದಿಲ್ಲ. ಅದನ್ನು ಬೋರಾನ್ ನೈಟ್ರೈಡಿನ ಮೇಲೆ ಹಾಸಿ, ಸಮಮಿತಿಯನ್ನು ಒಂದಿಷ್ಟೇ ಕೆಡಿಸಿದರೆ ಎಷ್ಟು ಅಂತರ ಮೂಡೀತೆಂದು ಲೆಕ್ಕ ಹಾಕುತ್ತಿದ್ದೇನೆ. ಕೆಳಗಿನ ಜೇನುಗೂಡು ಸುಮಾರು ಶೇ. 1.8ರಷ್ಟು ದೊಡ್ಡದು. ಒಂದೆಡೆ ಹೊಂದಿದ ಪರಮಾಣುಗಳು ಮುಂದೆ ತಪ್ಪುತ್ತವೆ, ಐವತ್ತು ಚಿಲ್ಲರೆ ಷಟ್ಕೋನಗಳಾಚೆ ಮತ್ತೆ ಹೊಂದುತ್ತವೆ. ಲೆಕ್ಕ ಸಿಕ್ಕಾಗುವುದು ಅಲ್ಲೇ.