ಕೆಂಪು ದೀಪದ ಮಾತು

ದೀಪವು ಶುಭಸೂಚಕವೆಂಬುದು ನಮ್ಮ ಮನೆಗಳ ಸಂಸ್ಕಾರ. ಆದರೆ ಮೋಟಾರು ನಡೆಸುವವನ ಕಣ್ಣೆದುರಿಗೆ ಹತ್ತಿಕೊಳ್ಳುವ ಒಂದು ಸಣ್ಣ ಕೆಂಪು ದೀಪವು ಈ ನಿಯಮಕ್ಕೆ ಒಳಪಟ್ಟುದಲ್ಲ. ಅದು ನಮಗೆ ಕಲಿಸಿದ ಪಾಠವನ್ನು ವಾಚಕರಲ್ಲಿ ನಿವೇದಿಸಿಕೊಳ್ಳುತ್ತೇವೆ.

ಕಳೆದ ವೈಶಾಖದಲ್ಲಿ, ದೇವದುರ್ಗದಲ್ಲಿರುವ ನಮ್ಮ ಅಕ್ಕನವರಿಗೆ ಮೈಯಲ್ಲಿ ಸ್ವಸ್ಥವಿಲ್ಲವೆಂದು ಸುದ್ದಿ ಬಂದಿತು. ಅವರಿಗೆ ಬೇಕಾದ ಔಷಧವನ್ನು ರಾಯಚೂರಿನಲ್ಲಿ ಕೊಂಡು, ಗೃಹಿಣಿಯೊಡನೆ ಮಧ್ಯಾಹ್ನವೇ ಹೊರಟೆವು. ಗಾಡಿಯ ವಿಷಯದಲ್ಲಿ ನಮಗೆ ಚಿಂತೆಯಿರಲಿಲ್ಲ. ಎಂಟು ದಿನಗಳ ಹಿಂದೆ ಇದೇ ದೀಪವು ಮಿನುಗಿದಾಗ, ಅದರ ಮೇಲೆ ಬ್ಯಾಟರಿಯ ಚಿತ್ರವಿರುವುದನ್ನು ಕಂಡು, ಬ್ಯಾಟರಿಯೇ ಕೆಟ್ಟಿತೆಂದು ನಿಶ್ಚಯಿಸಿ ಹೊಸದನ್ನು ಹಾಕಿಸಿದ್ದೆವು. "ತಿಳಿದವರಿಗೆ ಒಮ್ಮೆ ತೋರಿಸಬಾರದೇ?" ಎಂದು ಗೃಹಿಣಿಯು ಆಗ ಕೇಳಿದ್ದುಂಟು. ತರ್ಕಶಾಸ್ತ್ರವನ್ನು ಓದಿದ ನಮಗೆ ಇಷ್ಟು ಸಣ್ಣ ಅನುಮಾನಕ್ಕೆ ಅನ್ಯರ ಸಹಾಯವೇಕೆ!

ಗಬ್ಬೂರು ದಾಟಿದ ಮೇಲೆ ದೀಪವು ಪುನಃ ಹತ್ತಿಕೊಂಡಿತು. ಈ ಸಲ ಆರಲಿಲ್ಲ. ಹೊರಗೆ ಕಾದ ಹೆಂಚಿನಂಥ ಬಿಸಿಲು. ಗಾಡಿಯೊಳಗಿನ ತಂಪಿನ ಯಂತ್ರವನ್ನೂ ರೇಡಿಯೋವನ್ನೂ ಮುಚ್ಚಿದೆವು. ಒಮ್ಮೆ ನಿಲ್ಲಿಸಿದರೆ ಮರಳಿ ಹೊರಡಲಾರದೆಂಬ ಭಯದಿಂದ, ಶಾಖ ತೋರಿಸುವ ಮುಳ್ಳಿನ ಮೇಲೆ ಕಣ್ಣಿಟ್ಟು ಮೆಲ್ಲನೆ ನಡೆಸಿದೆವು. ಗೃಹಿಣಿಯು ಔಷಧದ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಲೇಸಾಗುತ್ತಿತ್ತು.

ಹೇಗೋ ದೇವದುರ್ಗವನ್ನು ಮುಟ್ಟಿ ಒಬ್ಬ ಮೇಸ್ತ್ರಿಯ ಅಂಗಡಿಯ ಮುಂದೆ ನಿಂತೆವು. ಆತನು ಇಂಜಿನು ನಡೆಯುತ್ತಿರುವಾಗಲೇ ಬ್ಯಾಟರಿಯ ಎರಡು ಕೊನೆಗಳಿಗೆ ಮೀಟರು ಮುಟ್ಟಿಸಿದನು. 11.9 ವೋಲ್ಟು! ಬಳಿಕ ಇಂಜಿನು ನಿಲ್ಲಿಸಿ, ಬದಿಯ ರಬ್ಬರು ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದನು. ಅದು ಸಡಿಲಗೊಂಡು, ಸವೆದು ಹೊಳೆಯುತ್ತಿತ್ತು, ಒಳಮೈಯಲ್ಲಿ ಬಿರುಕುಗಳಿದ್ದುವು.

"ಬ್ಯಾಟ್ರಿದು ತಪ್ಪಿಲ್ರಿ ಸರ. ಅದು ಎಲ್ಲಾರಿಗೂ ಕೊಡಾಕತ್ತೈತಿ, ಅದಕ್ಕ ಕೊಡೋರು ಯಾರೂ ಇಲ್ಲ" ಎಂದನು.

ಹೊಸ ಬೆಲ್ಟು ಬಿಗಿದ ಮೇಲೆ ಮೀಟರು 14.2 ತೋರಿಸಿತು, ದೀಪವು ಆರಿತು. ಖರ್ಚು ನಾವು ಬ್ಯಾಟರಿಗೆ ತೆತ್ತುದರಲ್ಲಿ ಅಲ್ಪಾಂಶವೂ ಅಲ್ಲ.

ಇದರ ಮರ್ಮವಿಷ್ಟೆ. ಬ್ಯಾಟರಿಯು ಕೇವಲ ಕಣಜ. ಅದನ್ನು ತುಂಬುವುದು ಆಲ್ಟರ್ನೇಟರ್ ಎಂಬ ಯಂತ್ರ. ಅದನ್ನು ಇಂಜಿನು ಬೆಲ್ಟಿನ ಮೂಲಕ ತಿರುಗಿಸುತ್ತದೆ. ತುಂಬಿದ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟು ತೋರಿಸುತ್ತದೆ. ಇಂಜಿನು ನಡೆಯುವಾಗ ಸಾಮಾನ್ಯವಾಗಿ 13.8ರಿಂದ 14.5ರವರೆಗೆ ಏರಬೇಕು. ಏರದಿದ್ದರೆ ಆದಾಯವಿಲ್ಲ, ವ್ಯಯ ಮಾತ್ರ ಎಂದರ್ಥ. 1985ರಿಂದ ವಿದ್ಯುತ್ತನ್ನು ಉತ್ಪಾದಿಸುತ್ತ ಬಂದಿರುವ ಶಕ್ತಿನಗರದ ನೆರೆಯವರಾದ ನಮಗೆ ಇದು ತಿಳಿಯಬೇಕಾಗಿತ್ತು. ತಂತಿಯಲ್ಲಿ ಕರೆಂಟು ಬಾರದೆ ಮನೆಯ ಇನ್ವರ್ಟರು ಬರಿದಾದರೆ ಇನ್ವರ್ಟರನ್ನು ಬೈಯುವವರುಂಟೇ?

ಗೃಹಸ್ಥರು ನೆನಪಿಡತಕ್ಕ ಕೆಲವು ಮಾತುಗಳಿವೆ. ಬೀಗದ ಕೈ ತಿರುಗಿಸಿದಾಗ ಈ ದೀಪವು ಹತ್ತುವುದು ಸಹಜ. ಇಂಜಿನು ಹೊರಟೊಡನೆ ಆರಬೇಕು. ದಾರಿಯಲ್ಲಿ ಹತ್ತಿದರೆ ಅನಾವಶ್ಯಕ ವ್ಯಯವನ್ನು ನಿಲ್ಲಿಸಿ ಸಮೀಪದ ಮೇಸ್ತ್ರಿಯನ್ನು ಸೇರಬೇಕು. ಶಾಖದ ಮುಳ್ಳು ಏರಿದರೆ ಮಾತ್ರ ತಕ್ಷಣ ನಿಲ್ಲಿಸತಕ್ಕದ್ದು. ಅನೇಕ ಗಾಡಿಗಳಲ್ಲಿ ಇಂಜಿನನ್ನು ತಂಪಿಡುವ ನೀರಿನ ಪಂಪನ್ನು ಅದೇ ಬೆಲ್ಟು ತಿರುಗಿಸುತ್ತದೆ. ಬ್ಯಾಟರಿಯ ಕೊನೆಗಳಲ್ಲಿ ಬಿಳಿಯ ಬೂಷ್ಟು ಕಟ್ಟಿದ್ದರೂ, ತಂತಿ ಸಡಿಲಿದ್ದರೂ ಇದೇ ತೊಂದರೆ ತೋರಬಹುದು. ಇಂಜಿನು ನಡೆಯುವಾಗ ಬ್ಯಾಟರಿಯ ತಂತಿಯನ್ನು ಕೀಳುವುದು, ಬೆಲ್ಟಿನ ಬಳಿ ಕೈ ಒಯ್ಯುವುದು, ಇವೆರಡೂ ಸರ್ವಥಾ ಕೂಡದು.

ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಯಾವ ಕಟ್ಟಿಗೆ ಉರಿಯುತ್ತಿದೆಯೆಂಬುದನ್ನು ಹೊಗೆ ಹೇಳದು. ನಾಲ್ವತ್ತು ವರ್ಷಗಳ ಹಿಂದೆ ಓದಿದ ಶಾಸ್ತ್ರವನ್ನು ನಾವು ಹೀಗೆ ಕೆಡಿಸಿದ್ದು ಇದೇ ಮೊದಲಲ್ಲ. ಮಾನ್ವಿಯಲ್ಲಿ ಪಾಠ ಹೇಳುತ್ತಿದ್ದಾಗ ಒಬ್ಬ ಹುಡುಗನು ಮೊದಲನೆಯ ತಾಸಿನಲ್ಲಿಯೇ ತೂಕಡಿಸುತ್ತಿದ್ದನು. ಸೋಮಾರಿಯೆಂದು ನಿಶ್ಚಯಿಸಿ ಬೆತ್ತದಿಂದ ಹೊಡೆದೆವು. ಅವನು ಶಾಲೆ ಬಿಟ್ಟುಹೋದ ಮೇಲೆ ತಿಳಿಯಿತು: ತಂದೆಯಿಲ್ಲದ ಆ ಬಾಲಕನು ರಾತ್ರಿಯೆಲ್ಲ ಅಕ್ಕಿಗಿರಣಿಯಲ್ಲಿ ಚೀಲ ಹೊತ್ತು, ಬರಿ ಹೊಟ್ಟೆಯಲ್ಲಿ ಬಂದು ನಮ್ಮೆದುರು ಕುಳಿತಿರುತ್ತಿದ್ದನು. ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದನೇನೋ, ನಾವು ಕೇಳಲಿಲ್ಲ.

ಸಂಜೆ ಅಕ್ಕನವರು ಔಷಧ ಸೇವಿಸಿ, "ಯಾಕಪ್ಪಾ, ಇಷ್ಟು ಹೊತ್ತು ಮಾಡಿದಿ?" ಎಂದು ಕೇಳಿದರು. "ದೀಪ ಹೇಳಿದ್ದು ತಿಳಿಯಲಿಲ್ಲ, ಅಕ್ಕಾ" ಎಂದೆವು. ಮನೆಯಲ್ಲಿ ಮಗುವಾಗಲಿ, ಸೊಸೆಯಾಗಲಿ, ವೃದ್ಧರಾಗಲಿ ಬಾಡಿ ಕುಳಿತಿದ್ದರೆ, ದೋಷವೆಣಿಸುವ ಮೊದಲು ಅವರಿಗೆ ಎಲ್ಲಿಂದ ಏನು ಬರುವುದು ನಿಂತಿದೆಯೆಂದು ವಾಚಕರು ಒಮ್ಮೆ ಕೇಳಿನೋಡಲಿ. ನಾವಂತೂ ಈಗ ಕೇಳುತ್ತೇವೆ.